ಅರಮನೆಗೆ ಬೆನ್ನು ಹಾಕಿ ಕಾಡಿಗೆ ಬನ್ನಿ: ಪೋರ್ಚುಗಲ್‌ಗೆ ಹೊರಟಿರುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಪೋರ್ಚುಗಲ್ ಪ್ರವಾಸಕ್ಕೆ ಹಣ ಕಟ್ಟಿ ವೀಸಾಕ್ಕೆ ಕಾಯುತ್ತಿರುವ ಕನ್ನಡಿಗರಿಗೆ, ಮಾತೆ ಮರಿಯಳ ಪುಣ್ಯಕ್ಷೇತ್ರವಾದ ಫಾತಿಮಾದ ಯಾತ್ರೆಗೆ ಹೊರಟಿರುವ ಮಂಗಳೂರು, ಉಡುಪಿ, ಮೈಸೂರು, ಬೆಂಗಳೂರಿನ ಕಥೊಲಿಕ ಕುಟುಂಬಗಳಿಗೆ, ಮತ್ತು ಇವರೆಲ್ಲರನ್ನು ಕರೆತರುವ ಪ್ರವಾಸ ಸಂಸ್ಥೆಗಳ ಯಜಮಾನರಿಗೆ,

ನಮಸ್ಕಾರ.

ನಿಮ್ಮ ಕೈಗೆ ಬರುವ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ: ‘ಬುಸಾಕೊ ಅರಮನೆ, ಫೋಟೊಗಾಗಿ ಇಪ್ಪತ್ತು ನಿಮಿಷ’. ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿನ ಮೇಲಿನ ಸಿಟ್ಟಿಗೆ. ನಾನು ಕೊಯಿಂಬ್ರಾದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಊರಿನಿಂದ ಬರುವ ನೆಂಟರು, ನೆಂಟರ ನೆಂಟರು, ಅವರ ಜೊತೆಗೆ ಬರುವ ಬಸ್ಸುಗಟ್ಟಲೆ ಜನ ಎಲ್ಲರೂ ಆ ಅರಮನೆಯ ಮುಂದೆ ಸಾಲಾಗಿ ನಿಂತು, ನಕ್ಕು, ಮತ್ತೆ ಬಸ್ ಹತ್ತುವುದನ್ನು ನೋಡಿದ್ದೇನೆ. ಅವರ ಬೆನ್ನ ಹಿಂದೆ ನಾಲ್ಕು ನೂರು ವರ್ಷ ಹಳೆಯ ಕಾಡಿದೆ. ಆ ಕಾಡಿನೊಳಗೆ ಇಪ್ಪತ್ತು ಚಾಪೆಲ್‌ಗಳನ್ನು (ಪುಟ್ಟ ಪ್ರಾರ್ಥನಾ ಮಂದಿರಗಳನ್ನು) ಒಂದಕ್ಕೊಂದು ಪೋಣಿಸಿದ ಯಾತ್ರೆಯ ಹಾದಿಯಿದೆ. ಯಾರೂ ಅವರಿಗೆ ಅದನ್ನು ತೋರಿಸುವುದಿಲ್ಲ. ಬಸ್ಸಿನಲ್ಲಿ ಮೈಕ್ ಹಿಡಿದವರು ‘ಯುರೋಪಿನ ಸುಂದರ ಹೋಟೆಲ್‌ಗಳಲ್ಲೊಂದು’ ಎಂದು ಹೇಳಿ ಮುಗಿಸುತ್ತಾರೆ. ಆ ಹೋಟೆಲ್ ಏನನ್ನು ಕೆಡವಿ ಎದ್ದು ನಿಂತಿತು ಎಂಬುದನ್ನು ಹೇಳುವುದಿಲ್ಲ.

ಬುಸಾಕೊ ಇರುವುದು ಕೊಯಿಂಬ್ರಾದಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಲೂಸೊ ಎಂಬ ಪುಟ್ಟ ಊರಿನ ನೆತ್ತಿಯ ಮೇಲೆ. 1628ರಲ್ಲಿ ಕೊಯಿಂಬ್ರಾದ ಧರ್ಮಾಧ್ಯಕ್ಷರು ಈ ಗುಡ್ಡದ ಕಾಡನ್ನು ಬರಿಗಾಲ ಕಾರ್ಮೆಲ್ ಸನ್ಯಾಸಿಗಳಿಗೆ ದಾನ ಕೊಟ್ಟರು. ಮಂಗಳೂರಿನವರಿಗೆ ಈ ಸನ್ಯಾಸಿ ಸಭೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡದ ಬಾಲಯೇಸು ಪುಣ್ಯಕ್ಷೇತ್ರ ಇದೇ ಸಭೆಯದು. ಗೋವಾಕ್ಕೆ ಇವರು 1620ರಲ್ಲೇ ಬಂದಿದ್ದರು. ಬುಸಾಕೊದಲ್ಲಿ ಅವರಿಗೆ ಬೇಕಾಗಿದ್ದುದು ‘ಮರುಭೂಮಿ’. ಆ ಸಭೆಯ ಮಾತಿನಲ್ಲಿ ಅದರ ಅರ್ಥ ಜನಸಂಪರ್ಕವಿಲ್ಲದ ಏಕಾಂತದ ನೆಲೆ; ಅಲ್ಲಿ ಮರಳು ಇರಬೇಕೆಂದೇನೂ ಇಲ್ಲ. ಅವರು ಮಠ ಕಟ್ಟಿದರು, ಸುಮಾರು 105 ಹೆಕ್ಟೇರ್ ಕಾಡಿನ ಸುತ್ತ ಐದು ಕಿಲೋಮೀಟರಿನಷ್ಟು ಉದ್ದದ ಎತ್ತರದ ಗೋಡೆ ಎಬ್ಬಿಸಿದರು, ಒಳಗೆ ಅಲ್ಲಲ್ಲಿ ಒಬ್ಬೊಬ್ಬರೇ ಇರಲು ಏಕಾಂತ ಕುಟೀರಗಳನ್ನು ಮಾಡಿಕೊಂಡರು. ಮಠದ ಗಂಟೆ ಬಾರಿಸಿದಾಗ ಕುಟೀರದಲ್ಲಿದ್ದವನು ತನ್ನ ಗಂಟೆ ಬಾರಿಸಿ ಉತ್ತರ ಕೊಡಬೇಕು. ಮಾತು ನಿಷಿದ್ಧವಾಗಿದ್ದ ಜಾಗದಲ್ಲಿ ‘ನಾನಿದ್ದೇನೆ’ ಎಂದು ಹೇಳುವ ಬಗೆ ಅದೊಂದೇ. ಮಠದ ಕೋಣೆಗಳ ಬಾಗಿಲು, ಸೂರುಗಳಿಗೆ ಚಳಿ ಮತ್ತು ತೇವ ತಡೆಯಲೆಂದು ಕಾರ್ಕ್ ಮರದ ತೊಗಟೆಯನ್ನು ಹೊದಿಸಿದ್ದರು. ಉಳಿದಿರುವ ಕೆಲವು ಕೋಣೆಗಳಲ್ಲಿ ಅದನ್ನು ಈಗಲೂ ನೋಡಬಹುದು.

ಕೊಯಿಂಬ್ರಾ ದ್ವಾರ ಎಂದು ಕರೆಯುವ ಹಳೆಯ ಬಾಗಿಲಿನ ಬಳಿ ಎರಡು ಕಲ್ಲಿನ ಫಲಕಗಳಿವೆ. ಬಸ್ಸು ಆ ಕಡೆ ಹೋಗುವುದೇ ಇಲ್ಲವಾದ್ದರಿಂದ ನಿಮ್ಮಲ್ಲಿ ಯಾರೂ ಅವನ್ನು ನೋಡಿರಲಾರಿರಿ. ಎರಡೂ ಪೋಪರ ಆಜ್ಞೆಗಳು. ಒಂದು 1622ರದು, ಹದಿನೈದನೆಯ ಗ್ರೆಗರಿಯವರದು: ಈ ಸನ್ಯಾಸಿಗಳ ಆವರಣಕ್ಕೆ ಹೆಂಗಸರು ಕಾಲಿಡಕೂಡದು. ಇನ್ನೊಂದು 1643ರದು, ಎಂಟನೆಯ ಅರ್ಬನ್ ಅವರದು. ಗೆಲಿಲಿಯೊನನ್ನು ವಿಚಾರಣೆಗೆ ನಿಲ್ಲಿಸಿದ ಕಾಲದ ಪೋಪ್ ಇವರೇ. ಭೂಮಿ ತಿರುಗುವ ವಿಷಯದಲ್ಲಿ ಅವರ ತೀರ್ಪು ಏನೇ ಇರಲಿ, ಮರಗಳ ವಿಷಯದಲ್ಲಿ ನಾನು ಅವರ ಪಕ್ಷ. ಈ ಕಾಡಿನ ಮರ ಕಡಿದವರಿಗೆ, ಅಪ್ಪಣೆಯಿಲ್ಲದೆ ಒಳನುಗ್ಗಿ ಹಾನಿ ಮಾಡಿದವರಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ ಎಂದು ಅವರು ಬರೆದರು. ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಇದು ಹೊಸ ವಿಚಾರವೆನಿಸದು: ದಂಡಕ್ಕೆ ಹೆದರದ ಕೊಡಲಿ ದೇವರಿಗೆ ಹೆದರುತ್ತದೆ. ಆ ಕಾಲದ ಕಥೊಲಿಕನಿಗೆ ಬಹಿಷ್ಕಾರವೆಂದರೆ ಸಂಸ್ಕಾರಗಳಿಲ್ಲ, ಸತ್ತರೆ ಪವಿತ್ರ ನೆಲದಲ್ಲಿ ಗುಂಡಿಯೂ ಇಲ್ಲ. ಒಂದು ಹೊರೆ ಸೌದೆಗೆ ಇಷ್ಟು ದೊಡ್ಡ ಬೆಲೆ!

ನನ್ನ ಮನೆಗೆ ಬರುವ ಹೆಂಗಸರನ್ನೆಲ್ಲ ಆ ಎರಡು ಫಲಕಗಳ ಮುಂದೆ ನಿಲ್ಲಿಸುತ್ತೇನೆ. ಒಂದು ಆಜ್ಞೆ ಸತ್ತಿತು, ಇನ್ನೊಂದು ಬದುಕಿರಬೇಕು ಎಂದು ಹೇಳುತ್ತೇನೆ. ಆಮೇಲೆ ಎಲ್ಲರೂ ಒಟ್ಟಿಗೆ ಒಳಗೆ ನಡೆಯುತ್ತೇವೆ.

ಇನ್ನು ಹಾದಿಯ ವಿಷಯ. 1644ರಲ್ಲಿ ಕೊಯಿಂಬ್ರಾ ವಿಶ್ವವಿದ್ಯಾಲಯದ ರೆಕ್ಟರ್ ಮನುಯೆಲ್ ದೆ ಸಲ್ದಾಞ ಅವರು ಈ ಕಾಡಿನಲ್ಲಿ ಶಿಲುಬೆಯ ಹಾದಿಯನ್ನು, ಅಂದರೆ ಯೇಸುವಿನ ಕೊನೆಯ ಯಾತನೆಯನ್ನು ನೆಲೆನೆಲೆಯಲ್ಲಿ ನಿಂತು ನೆನೆಯುವ ಹಾದಿಯನ್ನು, ಮಾಡಿಸಿದರು. ಐವತ್ತು ವರ್ಷಗಳ ಬಳಿಕ, 1694ರ ಸುಮಾರಿಗೆ, ಧರ್ಮಾಧ್ಯಕ್ಷ ಜುವಾಂವ್ ದೆ ಮೆಲೊ ಅವರು ಅದನ್ನು ವಿಸ್ತರಿಸಿ ಒಂದೊಂದು ನೆಲೆಗೂ ಚಾಪೆಲ್ ಕಟ್ಟಿಸಿದರು. ನಮ್ಮ ಚರ್ಚುಗಳಲ್ಲಿ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಶುಕ್ರವಾರಗಳಂದು ಮಾಡುವ ಶಿಲುಬೆಯ ಹಾದಿಗೆ 14 ನೆಲೆಗಳು. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಕಾರಿ ಪಿಲಾತನ ತೀರ್ಪಿನಿಂದ ಅದು ಆರಂಭವಾಗುತ್ತದೆ. ಬುಸಾಕೊದಲ್ಲಿ ಕಥೆ ಅದಕ್ಕೂ ಹಿಂದಿನ ರಾತ್ರಿಯಿಂದ ಮೊದಲಾಗುತ್ತದೆ. ಗೆತ್ಸೆಮನಿ ತೋಟ, ಬಂಧನ, ಕಿದ್ರೋನ್ ಹಳ್ಳ, ಅನ್ನಾಸನ ಮನೆ, ಕಾಯಫನ ಮನೆ, ಹೆರೋದನ ಅರಮನೆ, ಹೀಗೆ ಆರು ನೆಲೆಗಳನ್ನು ದಾಟಿದ ಮೇಲೆ ಪಿಲಾತ ಸಿಗುತ್ತಾನೆ. ಒಟ್ಟು 20 ಚಾಪೆಲ್, ಸುಮಾರು ಮೂರು ಕಿಲೋಮೀಟರ್ ನಡಿಗೆ. ಜೆರುಸಲೇಮಿನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಇದ್ದಷ್ಟೇ ದೂರ ಇಲ್ಲಿಯೂ ಇರಬೇಕೆಂಬುದು ಕಟ್ಟಿಸಿದವರ ಲೆಕ್ಕ. ಪವಿತ್ರ ನಾಡಿಗೆ ಹಡಗು ಹತ್ತಲಾರದವನು ಪೋರ್ಚುಗಲ್ ಬಿಡದೆಯೇ ಆ ದೂರವನ್ನು ತನ್ನ ಕಾಲಲ್ಲಿ ಅಳೆಯಬೇಕು.

ಈ ಲೆಕ್ಕಾಚಾರ ಕಾಗದದ ಮೇಲೆ ಎಷ್ಟು ಸರಿಯಿತ್ತೋ, ನಾನು ಅದರ ಗೋಜಿಗೆ ಹೋಗುವುದಿಲ್ಲ. ನಡೆದರೆ ತಿಳಿಯುವ ಸಂಗತಿ ಬೇರೆ. ಚರ್ಚಿನ ಗೋಡೆಯ ಮೇಲೆ ಹದಿನಾಲ್ಕು ಚಿತ್ರಗಳನ್ನು ನೇತುಹಾಕಿದರೆ ಒಂದರಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ. ಒಂದು ಪ್ರಾರ್ಥನೆ ಮುಗಿಯುವ ಮೊದಲೇ ಮುಂದಿನದು ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಾಗಿಲ್ಲ. ಒಂದು ಚಾಪೆಲ್‌ನಿಂದ ಮುಂದಿನದು ಕಾಣದು. ನಡುವೆ ತಿರುವು, ಏರು, ಪಾಚಿ ಹಿಡಿದ ಮೆಟ್ಟಿಲು, ಬೇರುಗಳು. ಮರಗಳು ಹಾದಿಯನ್ನು ಬಚ್ಚಿಟ್ಟುಕೊಂಡಿವೆ. ಮುಂದೇನು ಎಂದು ಗೊತ್ತಿದ್ದರೂ ಅದು ಎಲ್ಲಿ ಎದುರಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಕಾಡನ್ನು ತೆಗೆದುಹಾಕಿ ಬರಿಯ ಚಾಪೆಲ್‌ಗಳನ್ನು ಉಳಿಸಿದರೆ ಬೋಳುಗುಡ್ಡದ ಮೇಲೆ ಇಪ್ಪತ್ತು ಸಣ್ಣ ಕಟ್ಟಡಗಳು ಒಂದೇ ನೋಟಕ್ಕೆ ಕಾಣುತ್ತವೆ; ಆಮೇಲೆ ಅಲ್ಲಿ ನಡೆಯಲು ಕಾರಣವೇ ಉಳಿಯುವುದಿಲ್ಲ. ಚಾಪೆಲ್‌ಗಳನ್ನು ತೆಗೆದರೆ ಉಳಿಯುವುದು ಸಸ್ಯೋದ್ಯಾನ. ಕಟ್ಟಿದವರು ಎರಡನ್ನೂ ಕೂಡಿಸಿಯೇ ಕಟ್ಟಿದ್ದಾರೆ. ಮರ ಕಡಿದವನಿಗೆ ಬಹಿಷ್ಕಾರದ ಫಲಕವೂ ಶಿಲುಬೆಯ ಹಾದಿಯ ಮೊದಲ ನೆಲೆಗಳೂ ಒಂದೇ ವರ್ಷದ ಅಂತರದಲ್ಲಿ ಬಂದದ್ದನ್ನು ಗಮನಿಸಿ.

ಚಾಪೆಲ್‌ಗಳು ದೊಡ್ಡವೇನಲ್ಲ. ಗಾರೆಯೊಳಗೆ ಕರಿ, ಬಿಳಿ ಕಲ್ಲಿನ ಚೂರುಗಳನ್ನು ಒತ್ತಿ ಮಾಡಿದ ಚಿತ್ತಾರ ಬುಸಾಕೊದ ಗುರುತು. ಮಠದ ಮುಂಭಾಗದಲ್ಲಿ, ದ್ವಾರಗಳಲ್ಲಿ ಅದನ್ನು ಕಾಣಬಹುದು. ಬಡತನದ ವ್ರತ ತೊಟ್ಟವರ ಅಲಂಕಾರ ಅದು. ಚಿನ್ನದ ರೇಕು ಬಳಿಯುವ ಕಾಲದಲ್ಲಿ ಇವರು ನೆಲದಲ್ಲಿ ಬಿದ್ದಿದ್ದ ಕಲ್ಲನ್ನೇ ಹೆಕ್ಕಿ ಅಂಟಿಸಿದರು. ಚಾಪೆಲ್‌ಗಳ ಒಳಗೆ ಸುಟ್ಟ ಮಣ್ಣಿನ ಆಳೆತ್ತರದ ಪ್ರತಿಮೆಗಳಿವೆ, ಅವು ಬಹಳ ಈಚಿನವು. ಇವುಗಳ ಹಿಂದೊಂದು ಸ್ವಾರಸ್ಯದ ಕಥೆಯಿದೆ. 1887ರಲ್ಲಿ ಸರ್ಕಾರ ಈ ಚಾಪೆಲ್‌ಗಳಿಗೆ ಪ್ರತಿಮೆ ಮಾಡಿಕೊಡುವಂತೆ ಕೇಳಿದ್ದು ರಫಯೆಲ್ ಬೊರ್ದಾಲೊ ಪಿಞೆಯ್ರೊ ಅವರನ್ನು. ಅವರು ಪೋರ್ಚುಗಲ್‌ನ ಅತಿ ದೊಡ್ಡ ವ್ಯಂಗ್ಯಚಿತ್ರಕಾರ. ರಾಜಕಾರಣಿಗಳನ್ನೂ ಪಾದ್ರಿಗಳನ್ನೂ ಗೇಲಿ ಮಾಡಿಯೇ ಹೆಸರಾದವರು. ಕಾಲ್ದಾಸ್ ದ ರೈಞ ಎಂಬ ಊರಿನಲ್ಲಿ ಅವರ ಕುಂಬಾರಿಕೆಯ ಕಾರ್ಖಾನೆಯಿತ್ತು. ಹತ್ತು ವರ್ಷಕ್ಕೂ ಮಿಕ್ಕಿ ದುಡಿದು ಕ್ರಿಸ್ತನ ಯಾತನೆಯ ದೃಶ್ಯಗಳನ್ನು ಮಣ್ಣಿನಲ್ಲಿ ಮಾಡಿದರು. ಆ ಪ್ರತಿಮೆಗಳು ಬುಸಾಕೊದ ಚಾಪೆಲ್‌ಗಳನ್ನು ಸೇರಲೇ ಇಲ್ಲ. ಕಾಲ್ದಾಸ್‌ನ ಜೊಸೆ ಮಲ್ಯೋವಾ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನಿಂತಿವೆ. ಲಿಸ್ಬನ್ನಿನಿಂದ ಉತ್ತರಕ್ಕೆ ಬರುವ ದಾರಿಯಲ್ಲೇ ಆ ಊರು ಸಿಗುತ್ತದೆ. ಅಲ್ಲಿ ಇಳಿದು ಅವನ್ನು ನೋಡಿ ಆಮೇಲೆ ಬುಸಾಕೊಗೆ ಬಂದರೆ, ಈ ಚಾಪೆಲ್‌ಗಳ ಒಳಗೆ ಯಾವ ಮುಖಗಳು ಇರಬೇಕಾಗಿತ್ತೆಂದು ನೆನೆದುಕೊಂಡು ನಡೆಯಬಹುದು. ಈಗಿರುವವು ಕೆಟ್ಟದಾಗಿಲ್ಲ. ಆದರೆ ಬೊರ್ದಾಲೊನ ಸೈನಿಕರ ಮುಖದಲ್ಲಿರುವ ಸಣ್ಣತನ ಇವರಲ್ಲಿ ಇಲ್ಲ.

ಶ್ರೀರಂಗಪಟ್ಟಣ, ಮೈಸೂರು, ಮಂಡ್ಯದ ಕಡೆಯವರೇ, ಈಗ ಹೇಳುವುದು ನಿಮಗೆ. ದರಿಯಾ ದೌಲತ್ ಬಾಗಿನಲ್ಲಿ ಕೆಲಕಾಲ ವಾಸವಾಗಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ನೆನಪಿದ್ದಾನಲ್ಲವೇ? 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಟಿಪ್ಪುವಿನ ಸೈನಿಕರ ಗುಂಡು, ರಾಕೆಟ್‌ಗಳಿಗೆ ಸಿಕ್ಕಿ, ಕತ್ತಲಲ್ಲಿ ದಿಕ್ಕು ತಪ್ಪಿ ಹಿಂದಿರುಗಿದವನು. ಮುಂದೆ ಅವನೇ ವೆಲಿಂಗ್ಟನ್ ಆದ. ನೆಪೋಲಿಯನ್ನನ ಸೇನಾಪತಿ ಮಸ್ಸೆನಾ ಪೋರ್ಚುಗಲ್‌ಗೆ ನುಗ್ಗಿದಾಗ, 1810ರ ಸೆಪ್ಟೆಂಬರ್ 27ರಂದು, ವೆಲಿಂಗ್ಟನ್ ಅವನನ್ನು ಎದುರಿಸಿ ನಿಂತದ್ದು ಇದೇ ಬುಸಾಕೊ ಬೆಟ್ಟಸಾಲಿನ ಮೇಲೆ. ಈ ಬಾರಿ ಅವನು ಎತ್ತರವನ್ನು ಮೊದಲೇ ಹಿಡಿದುಕೊಂಡು, ಸೈನ್ಯವನ್ನು ಏಣಿನ ಹಿಂಬದಿಯಲ್ಲಿ ಅಡಗಿಸಿ, ಏರಿ ಬಂದ ಫ್ರೆಂಚರನ್ನು ಉರುಳಿಸಿದ. ಫ್ರೆಂಚರ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸುಮಾರು 4,500. ಬ್ರಿಟಿಷ್ ಮತ್ತು ಪೋರ್ಚುಗೀಸರ ಕಡೆ ಸುಮಾರು 1,250. ವೆಲಿಂಗ್ಟನ್ ಬಿಡಾರ ಹೂಡಿದ್ದು ಕಾರ್ಮೆಲ್ ಮಠದಲ್ಲಿ. ಮೌನವ್ರತದ ಸನ್ಯಾಸಿಗಳ ಓಣಿಯಲ್ಲಿ ಸೇನಾಧಿಕಾರಿಗಳ ಬೂಟುಗಳು ಓಡಾಡಿದವು. ಗಾಯಾಳುಗಳನ್ನು ಮಲಗಿಸಿದ್ದ ಒಂದು ಚಾಪೆಲ್‌ನ ಪಕ್ಕದಲ್ಲಿ ಈಗ ಸೇನಾ ವಸ್ತುಸಂಗ್ರಹಾಲಯವಿದೆ. ಅದಕ್ಕೂ ನಿಮ್ಮ ಪಟ್ಟಿಯಲ್ಲಿ ಜಾಗವಿಲ್ಲ.

ಯುದ್ಧ ಮಠವನ್ನು ಮುಗಿಸಲಿಲ್ಲ, ಕಾನೂನು ಮುಗಿಸಿತು. 1834ರಲ್ಲಿ ಪೋರ್ಚುಗಲ್ ಸರ್ಕಾರ ಪುರುಷರ ಎಲ್ಲ ಧಾರ್ಮಿಕ ಸಭೆಗಳನ್ನು ರದ್ದುಮಾಡಿ ಅವರ ಆಸ್ತಿಯನ್ನು ವಶಪಡಿಸಿಕೊಂಡಿತು. ಕಾಡು ಸರ್ಕಾರದ್ದಾಯಿತು. ಸಸ್ಯಪ್ರಿಯ ಅರಣ್ಯಾಧಿಕಾರಿಗಳು ಲೋಕದ ಮೂಲೆಮೂಲೆಗಳಿಂದ ಮರಗಳನ್ನು ತಂದು ನೆಟ್ಟರು, ಕಣಿವೆಯೊಂದರ ತುಂಬ ಮರಜರಿಗಿಡಗಳನ್ನು ಬೆಳೆಸಿದರು. ಅದು ನಿಜಕ್ಕೂ ಚೆಲುವಾಗಿದೆ, ತಕರಾರಿಲ್ಲ. ಆಮೇಲೆ ಬಂತು ಅರಮನೆ. 1888ರಿಂದ 1907ರವರೆಗೆ ನಡೆದ ಕಟ್ಟೋಣದ ಮೂಲ ನಕ್ಷೆ ಲುಯಿಜಿ ಮನಿನಿ ಎಂಬ ಇಟಲಿಯವರದು. ಅವರ ಕಸುಬು ರಂಗಸಜ್ಜಿಕೆ. ನಾಟಕದ ಪರದೆಯ ಬೆಡಗು ಆ ಕಮಾನುಗಳಲ್ಲಿ, ಗೋಪುರದಲ್ಲಿ ಎದ್ದು ಕಾಣುತ್ತದೆ. ಈ ಬೆಡಗಿಗೆ ಜಾಗ ಮಾಡಲು ಮಠದ ಹೆಚ್ಚಿನ ಭಾಗವನ್ನು ಕೆಡವಿದರು. ಚರ್ಚು, ಅದರ ಸುತ್ತಿನ ಮೊಗಸಾಲೆ, ಕೆಲವು ಕೋಣೆಗಳು ಮಾತ್ರ ಉಳಿದವು. ಹೋಟೆಲಿನ ಮಗ್ಗುಲಿಗೆ ಅವು ಈಗ ಬಾಡಿಗೆ ಮನೆಯಲ್ಲಿರುವ ಹಿರಿಯರಂತೆ ಮುದುಡಿ ಕುಳಿತಿವೆ. ಕಟ್ಟಡ ಮುಗಿದು ಮೂರೇ ವರ್ಷಕ್ಕೆ, 1910ರಲ್ಲಿ, ರಾಜಪ್ರಭುತ್ವವೇ ಹೋಯಿತು. ನೀವು ಫೋಟೊ ತೆಗೆಸಿಕೊಳ್ಳುವುದು ಇದರ ಮುಂದೆ.

ಒಂದು ತಪ್ಪು ಮಾಹಿತಿಯನ್ನೂ ಇಲ್ಲೇ ಸರಿಪಡಿಸಿಬಿಡುತ್ತೇನೆ. ಸಂತ ಜೋಸೆಫರ ಕುಟೀರದ ಬಳಿ ಒಂದು ಮಹಾವೃಕ್ಷವಿದೆ. 1644ರಲ್ಲಿ ನೆಟ್ಟದ್ದೆಂದು ಹೇಳುತ್ತಾರೆ. ಅದನ್ನು ತೋರಿಸುವವರು ನಮ್ಮ ಮುಖ ನೋಡಿದ ಕೂಡಲೇ ‘ಇದು ನಿಮ್ಮ ಗೋವಾದ ಸೀಡರ್’ ಎಂದು ಉಬ್ಬಿಸುತ್ತಾರೆ, ನಮ್ಮವರೂ ಉಬ್ಬುತ್ತಾರೆ. ಅದು ಸೀಡರ್ ಅಲ್ಲ, ಸೈಪ್ರೆಸ್. ಗೋವಾದ್ದಲ್ಲ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟಗಳದ್ದು. ಪೋರ್ಚುಗೀಸರ ಹಡಗುಗಳು ಎಲ್ಲವನ್ನೂ ಗೋವಾದಿಂದಲೇ ತಂದಿರಬೇಕೆಂಬ ಊಹೆ ಹೆಸರಾಗಿ ಅಂಟಿಕೊಂಡಿತು. ನಮ್ಮದಲ್ಲದಿದ್ದರೇನು, ಆ ಮರವನ್ನು ನೋಡಲೇಬೇಕು.

ಇಷ್ಟು ಹೇಳಿದ್ದು ನಿಮ್ಮನ್ನು ಕರೆಯುವುದಕ್ಕೆ. ಇನ್ನು ಬಂದ ಮೇಲೆ ಹೇಗಿರಬೇಕೆಂಬುದು. ಈ ಕಾಡು ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಹಾಗಿಲ್ಲ. 2013ರ ಜನವರಿಯ ಚಂಡಮಾರುತ ನೂರಾರು ವರ್ಷದ ಮರಗಳನ್ನು ಬುಡಮೇಲು ಮಾಡಿತು. ದಾರಿಗಳು ಮುಚ್ಚಿಹೋದವು, ಕಟ್ಟಡಗಳಿಗೂ ಪೆಟ್ಟು ಬಿತ್ತು. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯ ಜಾತಿಯ ಮಿಮೋಸ ಗೋಡೆ ದಾಟಿ ನುಗ್ಗುತ್ತದೆ. ನಮ್ಮ ಮಲೆನಾಡಿನವರಿಗೆ, ಕರಾವಳಿಯವರಿಗೆ ಅಕೇಶಿಯದ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಅಮೆರಿಕದ ಒಂದು ಹಬ್ಬುವ ಕಳೆ ನೆಲವನ್ನೆಲ್ಲ ಹೊದ್ದುಕೊಂಡು ಸ್ಥಳೀಯ ಸಸಿಗಳು ಮೇಲೇಳದಂತೆ ಮಾಡುತ್ತದೆ. ಆಲಿವ್ ಕುಟುಂಬಕ್ಕೆ ಸೇರಿದ ಅಡೆರ್ನೊ ಎಂಬ ಗಿಡ ಬೇರೆಡೆ ಹೆಚ್ಚಾಗಿ ಪೊದೆಯಾಗಿಯೇ ಉಳಿಯುತ್ತದೆ. ಇಲ್ಲಿ ಮರವಾಗಿ ಬೆಳೆದು ಕಾಡಾಗಿದೆ. ಅದನ್ನು ಉಳಿಸಲು ಐರೋಪ್ಯ ಒಕ್ಕೂಟದ ನೆರವಿನಿಂದ 2011ರಿಂದ ಕೆಲವು ವರ್ಷ ಕಳೆ ಕೀಳುವ ದೊಡ್ಡ ಕೆಲಸ ನಡೆಯಿತು, ಸ್ವಯಂಸೇವಕರು ಕೈಯಲ್ಲೇ ಕಿತ್ತರು. ಜರಿಗಿಡದ ಒಂದು ಎಲೆ ಮುರಿದರೇನಾಯಿತು ಎಂದು ಕೇಳುವವರು ಆ ಕೆಲಸವನ್ನು ಒಂದು ಬೆಳಿಗ್ಗೆ ಮಾಡಿ ನೋಡಬೇಕು.

ಫಾತಿಮಾದಿಂದ ಬರುವ ಯಾತ್ರಿಕರಲ್ಲಿ ವಿಶೇಷವಾಗಿ ಒಂದು ಬೇಡಿಕೆ. ದಯವಿಟ್ಟು ಚಾಪೆಲ್‌ಗಳ ಮುಂದೆ ಮೇಣದ ಬತ್ತಿ ಹಚ್ಚಬೇಡಿ. ಫಾತಿಮಾದಲ್ಲಿ ಅದಕ್ಕೆಂದೇ ಮಾಡಿದ ಜಾಗವಿದೆ. ಇಲ್ಲಿ ಸುತ್ತಲೂ ಒಣಗಿದ ಎಲೆ. 2017ರ ಜೂನ್ ಮತ್ತು ಅಕ್ಟೋಬರ್ ತಿಂಗಳ ಕಾಡ್ಗಿಚ್ಚುಗಳಲ್ಲಿ ಈ ದೇಶದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹೊಗೆಯ ವಾಸನೆ ಬಂದರೆ ಇಲ್ಲಿನ ಮುದುಕಿಯರು ಮಾತು ನಿಲ್ಲಿಸಿ ಆಕಾಶ ನೋಡುತ್ತಾರೆ. ನಿಮ್ಮ ಭಕ್ತಿಗೆ ಬತ್ತಿಯೇ ಬೇಕೆಂದಿದ್ದರೆ ಊರಿಗೆ ಮರಳಿ ಬಿಕರ್ನಕಟ್ಟೆಯಲ್ಲೋ ಅತ್ತೂರಿನಲ್ಲೋ ಹಚ್ಚಿ. ಮೈಕ್ ಸೆಟ್ ಸಹ ತರಬೇಡಿ. ಶಿಲುಬೆಯ ಹಾದಿಯ ಹಾಡುಗಳನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಬಾಯಲ್ಲೇ ಹಾಡಿ, ಯಾರೂ ಬೇಡವೆನ್ನುವುದಿಲ್ಲ. ಕ್ರೈಸ್ತರಲ್ಲದವರೂ ಹಿಂಜರಿಯದೆ ನಡೆಯಬಹುದು. ನಿಮ್ಮ ಧರ್ಮ ಯಾವುದೆಂದು ಆ ಗೋಡೆಯೊಳಗೆ ಈಗ ಯಾರೂ ಕೇಳುವುದಿಲ್ಲ.

ಪ್ರವಾಸ ಸಂಸ್ಥೆಗಳ ಯಜಮಾನರೇ, ನೀವು ಹೇಳುವ ಸಬೂಬು ನನಗೆ ಗೊತ್ತು: ‘ಮೇಡಂ, ಜನರಿಗೆ ನಡೆಯಲು ಆಗುವುದಿಲ್ಲ, ಎಲ್ಲರೂ ಅರವತ್ತು ದಾಟಿದವರು.’ ಅದೇ ಜನ ತಿರುಪತಿ ಹತ್ತುತ್ತಾರೆ, ಶ್ರವಣಬೆಳಗೊಳ ಹತ್ತುತ್ತಾರೆ, ಕೊನೆಯ ದಿನ ಲಿಸ್ಬನ್ನಿನ ಅಂಗಡಿ ಬೀದಿಗಳಲ್ಲಿ ಸಂಜೆಯವರೆಗೆ ತಿರುಗುತ್ತಾರೆ. ಅಂಗಡಿಗೆ ಮೀಸಲಿಟ್ಟ ಆ ಅರ್ಧ ದಿನವನ್ನು ಬುಸಾಕೊಗೆ ಕೊಡಿ. ಬಸ್ಸನ್ನು ಅರಮನೆಯ ಮುಂದೆ ನಿಲ್ಲಿಸುವ ಬದಲು ಮೊದಲು ಕೊಯಿಂಬ್ರಾ ದ್ವಾರಕ್ಕೆ ಕರೆತನ್ನಿ. ಫಲಕಗಳಲ್ಲಿ ಏನಿದೆ ಎಂದು ಓದಿ ಹೇಳಿ. ಆಮೇಲೆ ಗೆತ್ಸೆಮನಿಯ ಚಾಪೆಲ್‌ನಿಂದ ನಡಿಗೆ ಆರಂಭಿಸಿ. ನಿಂತು, ಕುಳಿತು ಹೋದರೂ ಎರಡು ಗಂಟೆಯಲ್ಲಿ ಯೇಸುವನ್ನು ಶಿಲುಬೆಗೇರಿಸಿದ ನೆಲೆಯಾದ ಕಲ್ವಾರಿ ತಲುಪುತ್ತೀರಿ. ಕಾಲಿನಲ್ಲಿ ಕಸುವು ಉಳಿದಿದ್ದವರು ಇನ್ನೂ ಮೇಲೆ, ಸುಮಾರು 550 ಮೀಟರ್ ಎತ್ತರದ ಕ್ರೂಸ್ ಆಲ್ತಾ ಶಿಖರಕ್ಕೆ ಹೋಗಬಹುದು. ಶುಭ್ರವಾದ ದಿನ ಅಲ್ಲಿಂದ ಅಟ್ಲಾಂಟಿಕ್ ಕಾಣುತ್ತದೆ. ಉಳಿದವರು ಇಳಿದು ಮಠದ ಕಾರ್ಕ್ ಬಾಗಿಲುಗಳನ್ನು ನೋಡಲಿ. ಅರಮನೆ ಅಲ್ಲೇ ಪಕ್ಕದಲ್ಲಿದೆ, ಫೋಟೊ ಬೇಕಾದವರಿಗೆ ಆಗ ಹತ್ತು ನಿಮಿಷ ಕೊಡಿ.

ಈ ಜಾಗವನ್ನು 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿಸಲಾಗಿದೆ, 2018ರಲ್ಲಿ ರಾಷ್ಟ್ರೀಯ ಸ್ಮಾರಕವೆಂದೂ ಘೋಷಿಸಲಾಗಿದೆ. ಅಂತಿಮ ಪಟ್ಟಿಗೆ ಸೇರಿದ ದಿನ ನಿಮ್ಮ ಜಾಹೀರಾತುಗಳಲ್ಲಿ ಬುಸಾಕೊದ ಹೆಸರು ದಪ್ಪಕ್ಷರದಲ್ಲಿ ಬರುತ್ತದೆಂದು ನನಗೆ ಗೊತ್ತು. ಅದಕ್ಕೂ ಮೊದಲೇ ಬನ್ನಿ ಎನ್ನುತ್ತಿದ್ದೇನೆ. ಮಳೆ ಹಿಡಿಯುವ ನವೆಂಬರಿನಲ್ಲಿ ಮೆಟ್ಟಿಲುಗಳು ಜಾರುತ್ತವೆ. ಮಾರ್ಚ್, ಏಪ್ರಿಲ್ ಒಳ್ಳೆಯದು, ತಪಸ್ಸುಕಾಲವೂ ಆಗಲೇ ಬರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಕೊಳ್ಳಿ. ನೀರಿನ ಬಾಟಲಿ ಕೊಳ್ಳುವ ಅಗತ್ಯವೂ ಇಲ್ಲ. ಕೆಳಗೆ ಲೂಸೊ ಊರಿನ ನಡುವೆ ಸಂತ ಜುವಾಂವ್ ಚಿಲುಮೆಯಿದೆ. ಊರವರು ಕ್ಯಾನ್ ಹಿಡಿದು ಸರದಿಯಲ್ಲಿ ನಿಂತು ಬಿಟ್ಟಿಯಾಗಿ ತುಂಬಿಸಿಕೊಂಡು ಹೋಗುತ್ತಾರೆ. ಮನೆಯಿಂದ ಸ್ಟೀಲ್ ಬಾಟಲಿ ತನ್ನಿ, ಸರದಿ ಮುರಿಯಬೇಡಿ.

ಇಂತಿ,
ಕೊಯಿಂಬ್ರಾದಲ್ಲಿರುವ ಒಬ್ಬ ಕನ್ನಡತಿ